ಚೀಟಿ ಅಂಟಿಸಿದವರು

ತುಮಕೂರಿನ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಬಾಯಲ್ಲಿ ಸದಾ ಒಂದೇ ಮಾತು: "ಕಾಲೇಜಿನ ಹೆಸ್ರು ಮುಖ್ಯ ಕಣ್ರೋ."

ಯೂನಿವರ್ಸಿಟಿಯವರು ಇನ್‌ಸ್ಪೆಕ್ಷನ್ನಿಗೆ ಬರುವ ಹಿಂದಿನ ದಿನ ಅವರು ಕುಣಿಗಲ್ಲಿನ ಇನ್ನೊಂದು ಕಾಲೇಜಿಂದ ಹತ್ತು ಮೈಕ್ರೋಸ್ಕೋಪ್ ಕೇಳಿ ತಂದು, ಒಂದೊಂದಕ್ಕೂ ನಮ್ಮ ಕಾಲೇಜಿನ ಚೀಟಿ ಅಂಟಿಸಿದರು. ಇನ್‌ಸ್ಪೆಕ್ಷನ್ ದಿನ ಬಂದವರು ಲ್ಯಾಬಿನಲ್ಲಿದ್ದ ನನ್ನನ್ನೇ ಕೇಳಿದರು, "ಇವೆಲ್ಲ ನಿಮ್ಮವೇನಪ್ಪ?" ಅಟೆಂಡರ್ ನೆಲ ನೋಡುತ್ತಾ ನಿಂತಿದ್ದರು. "ಹೂಂ ಸಾರ್" ಅಂದೆ.

ಮಾರನೇ ದಿನ ಅವರು ಒದ್ದೆ ಬಟ್ಟೆಯಲ್ಲಿ ಚೀಟಿಗಳನ್ನು ಉಜ್ಜಿ ತೆಗೆಯುತ್ತಿದ್ದರು. "ನನ್ ಕೈಲಿ ಸುಳ್ಳು ಹೇಳಿಸಿಬಿಟ್ರಲ್ಲಣ್ಣ" ಅಂದೆ. ಅವರು ಈರುಳ್ಳಿ ಪೊರೆ ಇಟ್ಟು ಒಂದು ಮೈಕ್ರೋಸ್ಕೋಪನ್ನು ನನ್ನ ಮುಂದೆ ತಳ್ಳಿದರು.

"ವಾಪಸ್ ಕಳ್ಸೋಕ್ ಮುಂಚೆ ನೋಡ್ಬುಡು. ಮೂರು ವರ್ಷ ಬರೀ ಬೋರ್ಡ್ ಮೇಲಿನ ಚಿತ್ರಾನೇ ನೋಡಿದೀಯ."

ಕಣ್ಣಿಟ್ಟೆ. ಜಗಳ ಆಡಬೇಕು ಅಂತಲೇ ಬಂದವನು, "ಇನ್ನೊಂದ್ಸಲ ನೋಡ್ಲಾ ಅಣ್ಣ?" ಅಂದೆ.