ನೆರೆ ಮೇಷ್ಟರ ಕೆಂಪು ಗೆರೆ

ಊರೆಲ್ಲ ನೆರೆ ಮೇಷ್ಟರೆಂದು ಕರೆಯುವ ಈ ನಿವೃತ್ತ ಭೂಗೋಳದ ಮೇಷ್ಟರಿಗೆ ಸ್ವಂತ ಮಕ್ಕಳು ಹುಟ್ಟಿದ ದಿನ ನೆನಪಿಲ್ಲ, ಆದರೆ ಊರು ಕಂಡ ಪ್ರತಿ ನೆರೆ, ಬಿರುಗಾಳಿ, ಆಲಿಕಲ್ಲಿನ ತಾರೀಖು ನಾಲಿಗೆಯ ತುದಿಯಲ್ಲಿದೆ. ಯಾರಾದರೂ "ಏನು ಸೆಕೆ ಸಾರ್" ಎಂದರೆ ಸಾಕು, "ಇದೂ ಒಂದು ಸೆಕೆನಾ? ಕೂತ್ಕೊಳ್ಳಿ, ಹೇಳ್ತೀನಿ" ಎಂದು ಶುರುಮಾಡುತ್ತಾರೆ, ಕೂತವರಿಗೆಲ್ಲ ಕಾಫಿ ಮಾಡುವವಳು ಹೆಂಡತಿ. ಗುಡುಗಿದರೆ ಅವರು ಪೆನ್ಸಿಲ್, ದಾಖಲೆ ಪುಸ್ತಕ ಹಿಡಿದು ಹೊರಗೋಡುತ್ತಾರೆ, ಅವಳು ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೋಡುತ್ತಾಳೆ. ಅವಳ ಹಾಲಿನ ಪಾತ್ರೆ ಮಳೆ ಅಳೆಯಲು ತಾರಸಿ ಹತ್ತಿ ಹತ್ತು ವರ್ಷವಾಯಿತು. ಅಡುಗೆಮನೆಯ ಗೋಡೆಗೆ ಸುಣ್ಣ ಬಳಿಯುವಂತಿಲ್ಲ. ದೊಡ್ಡ ನೆರೆಯ ನೀರು ಎಷ್ಟೆತ್ತರ ಬಂದಿತ್ತೆಂದು ಅವರು ಅಲ್ಲಿ ಕೆಂಪು ಗೆರೆ ಎಳೆದಿದ್ದಾರೆ. "ಅದು ಚರಿತ್ರೆ ಕಣೇ!" "ನಿಮ್ಮ ಚರಿತ್ರೆಗೆ ಬೂಷ್ಟು ಹಿಡಿದಿದೆ ರೀ." ಮೊನ್ನೆ ಗೆರೆ ನೋಡಲು ಬಂದ ಪತ್ರಿಕೆಯ ಹುಡುಗಿ, "ಅಷ್ಟು ನೀರಲ್ಲಿ ನಿಮ್ಮ ದಾಖಲೆ ಪುಸ್ತಕಗಳು ಹೇಗೆ ಉಳಿದವು ಸಾರ್?" ಎಂದು ಕೇಳಿದಳು. "ಎತ್ತರದಲ್ಲಿದ್ದವು" ಎಂದರು ಮೇಷ್ಟರು. ಒಲೆಯ ಮುಂದಿದ್ದ ಹೆಂಡತಿ ತಿರುಗಿದಳು. "ಆ ಎತ್ತರ ನನ್ನ ತಲೆ ಕಣಮ್ಮ. ಇವರು ಸೇತುವೆ ಹತ್ರ ನೀರು ಅಳೀತಿದ್ರು. ನಾನು ಇಲ್ಲೇ, ಗಲ್ಲದ ಮಟ್ಟ ನೀರಲ್ಲಿ, ಎರಡು ಗಂಟೆ ಅವನ್ನ ಹೊತ್ಕೊಂಡು ನಿಂತಿದ್ದೆ." ಮೇಷ್ಟರು ಅಳತೆಯ ಟೇಪು ತಂದು ಹೆಂಡತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಗೆರೆ ಅವಳ ಎದೆಯ ಮಟ್ಟಕ್ಕಿತ್ತು. "ಗೆರೆ ತಪ್ಪಾಗಿದೆ" ಎಂದರು, ಕೇಳಿಸದಷ್ಟು ಮೆಲ್ಲಗೆ. "ಹಾಗಾದ್ರೆ ಸುಣ್ಣದ ಡಬ್ಬ ಬಾಗಿಲ ಹಿಂದಿದೆ, ನೀವೇ ಬಳೀರಿ" ಎಂದ ಹೆಂಡತಿ, ಕುರ್ಚಿ ಎಳೆದುಕೊಂಡು ಹುಡುಗಿಯ ಎದುರಿಗೆ ಕೂತಳು. "ಬರ್ಕೋಮ್ಮ, ಹೇಳ್ತೀನಿ."