ಬೇಲಿಯಾಚೆಯ ಗೆಣಸಿನ ಸಾಲು

ಕಡಬದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು ನಾನು. ಕೊಬ್ಬಿನ ಪಾಠ ಬಂದಾಗ ಬೋರ್ಡಿನ ಮೇಲೆ ಒಂದು ಗುಂಡು ತಲೆ, ಎರಡು ಬಾಲ ಬರೆಯುತ್ತಿದ್ದೆ. ತಲೆಗೆ ನೀರು ಬೇಕು, ಬಾಲಗಳಿಗೆ ನೀರು ಕಂಡರಾಗದು. ಅದಕ್ಕೇ ಈ ಕೊಬ್ಬಿನ ಕಣಗಳು ಸಾಲಾಗಿ ನಿಂತು ಜೀವಕೋಶಕ್ಕೆ ಪೊರೆಯಾಗುತ್ತವೆ ಎಂದು ಹೇಳಿ, ಪರೀಕ್ಷೆಗೆ ಇದು ಗ್ಯಾರಂಟಿ ಎಂದು ಗೀಟು ಎಳೆದರೆ ನನ್ನ ಕೆಲಸ ಮುಗಿಯಿತು. ಆ ಕೊಬ್ಬಿನ ಬೆಲೆ ಗೊತ್ತಾದದ್ದು ಮಗಳು ಹುಟ್ಟಿದ ದಿನ.

ಎರಡು ತಿಂಗಳು ಮೊದಲೇ ಹುಟ್ಟಿಬಿಟ್ಟಿದ್ದಳು. ಪುತ್ತೂರಿನ ಆಸ್ಪತ್ರೆಯ ಗಾಜಿನಾಚೆ ಅಂಗೈಯಷ್ಟೇ ಎದೆ. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿತ್ತು. ಹೆಂಡತಿ ಹೆರಿಗೆ ವಾರ್ಡಿನಲ್ಲಿ. ನನ್ನ ಪಕ್ಕದಲ್ಲಿ ಅಮ್ಮ, ಅವಳ ಕೈಯಲ್ಲಿ ಸ್ಟೀಲಿನ ಡಬ್ಬಿ. ಮಗುವಿಗೆ ತಿಕ್ಕಲೆಂದು ತೆಂಗಿನ ಹಾಲು ಕಾಯಿಸಿ ತಾನೇ ತೆಗೆದ ಎಣ್ಣೆ ಅದರಲ್ಲಿತ್ತು.

ಮಕ್ಕಳ ಡಾಕ್ಟರು ಹೊರಗೆ ಬಂದರು. "ಶ್ವಾಸಕೋಶದ ಒಳಗೆ ಕೊಬ್ಬಿನ ಒಂದು ತೆಳು ಪದರ ಬೇಕು. ಇವಳಿಗೆ ಅದು ಇನ್ನೂ ಆಗಿಲ್ಲ. ಹಾಗಾಗಿ ಉಸಿರು ಬಿಟ್ಟಾಗೆಲ್ಲ ಗಾಳಿಚೀಲ ಅಂಟಿಕೊಳ್ತದೆ."

ಒದ್ದೆ ಪ್ಲಾಸ್ಟಿಕ್ ತೊಟ್ಟೆಚೀಲದ ಎರಡು ಮೈ ಅಂಟಿಕೊಂಡ ಹಾಗೆ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ತಲೆ, ಅದೇ ಬಾಲ ನನ್ನ ಮಗಳ ಎದೆಯೊಳಗೇ ಇರಲಿಲ್ಲ.

ಅಮ್ಮ ಡಬ್ಬಿ ಮುಂದೆ ಚಾಚಿದಳು. "ಡಾಕ್ಟ್ರೆ, ಇದು ಆಗ್ತದಾ? ಇವತ್ತೇ ಕಾಯಿಸಿದ್ದು."

"ಸುಮ್ಮನಿರು ಅಮ್ಮಾ! ಇದು ಅಡುಗೆಮನೆ ಅಲ್ಲ" ಎಂದು ಎಲ್ಲರೆದುರು ಗದರಿದೆ. ಹೆದರಿಕೆ ನನ್ನದು, ಬೈಗುಳ ಅವಳಿಗೆ.

ಡಾಕ್ಟರು ಮಾತ್ರ ನಗಲಿಲ್ಲ. "ಅದು ಮೈಗೆ, ಆಮೇಲೆ ನೋಡುವ ಅಮ್ಮ. ಒಳಗೆ ಹಾಕ್ಲಿಕ್ಕೆ ಬೇರೆ ಮದ್ದು ಉಂಟು" ಎಂದು ನನ್ನತ್ತ ತಿರುಗಿ ದನಿ ತಗ್ಗಿಸಿದರು. "ಅದನ್ನು ಹಂದಿಯ ಶ್ವಾಸಕೋಶದಿಂದ ತೆಗೆಯುದು. ನಿಮಗೆ ಅಡ್ಡಿ ಇಲ್ವಾ?"

ಮೊಟ್ಟೆ ತಾಗಿದ ಪಾತ್ರೆಯನ್ನೂ ಒಳಗೆ ಬಿಡದ ಮನೆ ನಮ್ಮದು. ಸಾಲದ್ದಕ್ಕೆ, ನಮ್ಮೂರು ಆಲಂಕಾರಿನ ತೋಟದ ಗೆಣಸು, ಕೆಸುವನ್ನೆಲ್ಲ ಬುಡಮೇಲು ಮಾಡುವ ಹಂದಿಗಳೆಂದರೆ ಅಮ್ಮನಿಗೆ ಜನ್ಮದ ವೈರಿಗಳು. ಡಬ್ಬ ಬಡಿದು ಓಡಿಸುವಾಗ ಅವಳ ಬಾಯಿಂದ ಬರುವ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಅವಳಿಗೆ ಹೇಳದೆ ಸಹಿ ಹಾಕಿಬಿಡುವ ಎಂದುಕೊಂಡೆ. ಅಷ್ಟರಲ್ಲಿ ಅವಳಿಗೆ ಕೇಳಿಸಿಯಾಗಿತ್ತು.

"ಎಂತ ಯೋಚನೆ ಮಾಡುದು ಮಾರಾಯ? ಮಗು ಉಸಿರಿಗೆ ಒದ್ದಾಡ್ತಾ ಉಂಟು. ಹಂದಿಯದ್ದಾದರೆ ಹಂದಿಯದ್ದು, ಬೇಗ ಸಹಿ ಹಾಕು!"

ಹಾಕಿದೆ. ಸಣ್ಣ ಕೊಳವೆಯಲ್ಲಿ ಹಾಲಿನಂಥ ಬಿಳಿ ಮದ್ದು ಮಗಳ ಎದೆಗೆ ಇಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಗುಳಿ ಕಡಿಮೆಯಾಗಿತ್ತು. "ತಪ್ಪಾಯಿತಮ್ಮಾ" ಎಂದು ಅಮ್ಮನ ಕೈ ಹಿಡಿದೆ.

"ನಿನ್ನ ಸಿಟ್ಟು ಎಂತ ಹೊಸತಾ?" ಎಂದು ಕಣ್ಣು ಒರೆಸಿಕೊಂಡಳು.

ಮಗಳಿಗೆ ಈಗ ಆರು ವರ್ಷ. ಆ ಪಾಠ ಬಂದಾಗ ಬೋರ್ಡಿನ ತಲೆ, ಬಾಲಗಳನ್ನೇ ಮತ್ತೆ ಮತ್ತೆ ತಿದ್ದುತ್ತೇನೆ, ವಿದ್ಯಾರ್ಥಿಗಳು ಮುಖಮುಖ ನೋಡಿಕೊಳ್ಳುತ್ತಾರೆ. ಆ ಡಾಕ್ಟರನ್ನು, ಆ ಮದ್ದು ಕಂಡುಹಿಡಿದವರನ್ನು ನೆನೆಯದ ದಿನವಿಲ್ಲ. ಅಮ್ಮ ಇಂಥದ್ದನ್ನೆಲ್ಲ ಬಾಯಲ್ಲಿ ಹೇಳುವವಳಲ್ಲ. ಆ ವರ್ಷದಿಂದ ಬೇಲಿಯಾಚೆ, ನೀರು ಹರಿಯುವ ತೋಡಿನ ಬದಿಯಲ್ಲಿ, ಒಂದು ಸಾಲು ಗೆಣಸಿನ ಬಳ್ಳಿ ನೆಡುತ್ತಾಳೆ. ಅದನ್ನು ಕಾಯುವುದೂ ಇಲ್ಲ, ಅಗೆಯುವುದೂ ಇಲ್ಲ. ಬೇಲಿಯ ಒಳಗೆ ಬಂದ ಹಂದಿಗೆ ಮಾತ್ರ ಹಳೆಯ ಬೈಗುಳವೇ.

ಮೊನ್ನೆ ಭಾನುವಾರ ಬೆಳಿಗ್ಗೆ ಅಮ್ಮ ಅದೇ ಸ್ಟೀಲಿನ ಡಬ್ಬಿ ಹಿಡಿದು ಮಗಳ ಎಣ್ಣೆಸ್ನಾನಕ್ಕೆ ಕಾಯುತ್ತಿದ್ದಳು. ತೋಡಿನ ಕಡೆಯಿಂದ ಮಗಳು ಓಡಿ ಬಂದಳು.

"ಅಜ್ಜೀ, ನಿಮ್ಮ ಗೆಣಸು ಪೂರಾ ಹಂದಿ ತಿಂದು ಹೋಗಿದೆ!"

"ತಿನ್ನಲಿ, ಅದು ಅವುಗಳದ್ದೇ" ಎಂದು ಅಮ್ಮ ಅವಳನ್ನು ಹತ್ತಿರ ಎಳೆದು, ಏದುಸಿರು ಬಿಡುತ್ತಿದ್ದ ಎದೆಗೆ ಎಣ್ಣೆ ತಿಕ್ಕತೊಡಗಿದಳು. "ನೀನು ಮೊದಲು ಸರಿ ಉಸಿರು ತೆಗೆದುಕೋ."