ಹುಣಸೆ ಮರಕ್ಕೊಂದು ಬೆಲ್ಟು

ನನ್ನ ಮುಂದೆ ಒಂದು ಡಬ್ಬಿ ಬಾಯಿ ತೆರೆದುಕೊಂಡು ಕೂತಿದೆ. ಒಳಗೆ, ಮರ ಹತ್ತುವವರು ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ಬೆಲ್ಟು, ಅದಕ್ಕೊಂದು ಕೊಕ್ಕೆಯ ಹಗ್ಗ. ಕೋಣೆಯೆಲ್ಲ ಹೊಸ ನೈಲಾನಿನ ವಾಸನೆ. ವಾಪಸ್ ಕಳಿಸಲು ಇನ್ನೆರಡೇ ದಿನ ಎಂದು ಮೊಬೈಲು ನೆನಪಿಸುತ್ತಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಗೆದ್ದವಳು, ಒಂದು ಬೆಲ್ಟು ಇಟ್ಟುಕೊಳ್ಳಬೇಕೋ ಬೇಡವೋ ತಿಳಿಯದೆ ಐದು ದಿನ ಕಳೆದಿದ್ದೇನೆಂದರೆ ನೀವು ನಗಬಹುದು. ಆದರೆ ನಿಮಗೆ ಬಾಷಣ್ಣ ಗೊತ್ತಿಲ್ಲವಲ್ಲ.

ಕಳ್ಳಂಬೆಳ್ಳದ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ನಾಲ್ಕು ಹುಣಸೆ ಮರಗಳಿವೆ. ನಾನು ಹುಟ್ಟುವ ಮೊದಲಿಂದಲೂ ಅವುಗಳ ಹಣ್ಣು ಉದುರಿಸುವವನು ಬಾಷಣ್ಣನೇ. ಬರಿಗಾಲಲ್ಲಿ ಹತ್ತಿ, ಒಂದು ಕೊಂಬೆ ಹಿಡಿದು ಇನ್ನೊಂದರ ಮೇಲೆ ನಿಂತು ಕುಣಿದನೆಂದರೆ ಕೆಳಗೆಲ್ಲ ಹಣ್ಣು. ಅವನ ಮನೆ ಮರದ ಮೇಲಿದೆ, ಊಟಕ್ಕೆ ಮಾತ್ರ ಇಳಿಯುತ್ತಾನೆ ಎಂದೇ ಚಿಕ್ಕವಳಿದ್ದಾಗ ನಂಬಿದ್ದೆ. ಎಲ್ಲವನ್ನೂ ಪ್ರಶ್ನಿಸುವ ಬುದ್ಧಿ ಆಮೇಲೆ ಬಂದದ್ದು.

ಕೆಳಗೆ ಹಣ್ಣು ಆಯುವವಳು ಅವನ ಹೆಂಡತಿ ಜೈನಬಕ್ಕ. ಗಂಡ ಮರದ ಮೇಲಿರುವಾಗ ಹೆಂಡತಿ ತಲೆಯೆತ್ತಿ ನೋಡಬಾರದೆಂಬುದು ಅವರಲ್ಲಿ ನಡೆದುಬಂದ ಕಟ್ಟಳೆ. ಮೂಢನಂಬಿಕೆ ಕೈಗೆ ಸಿಕ್ಕರೆ ಬಿಡುವವಳೇ ನಾನು? ಪಿಯುಸಿ ಓದುವಾಗ ಒಮ್ಮೆ ಪಕ್ಕದಲ್ಲೇ ಕೂತು ಪಾಟಿಸವಾಲು ಶುರುಮಾಡಿದೆ.

"ನೋಡಿದ್ರೆ ಏನಾಗುತ್ತೆ ಅಕ್ಕ? ಸಾಕ್ಷಿ ಏನಿದೆ?"

"ಏನೂ ಆಗಲ್ಲ ಕಣಮ್ಮ," ಅಂದಳು, ಕೈ ನಿಲ್ಲಿಸದೆ. "ನೋಡ್ಬುಟ್ರೆ ಇಳಿದು ಬಾ ಅಂತ ಕೂಗ್ಬುಡ್ತೀನಿ. ಆಮ್ಯಾಲೆ ಹಣ್ಣು ನಿಮ್ಮಪ್ಪ ಬಂದು ಉದುರಿಸ್ತಾರಾ?"

ನಾನೂ ತಲೆ ತಗ್ಗಿಸಿ ಹಣ್ಣು ಆಯತೊಡಗಿದೆ.

ಹೋದ ವರ್ಷ ಕೊಂಬೆ ಮುರಿಯಿತು. ಕೆಳಗಿನ ಕೊಂಬೆಗೆ ತೋಳು ಸಿಕ್ಕಿ ಬಾಷಣ್ಣ ಉಳಿದ. ಬಲಭುಜ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಆದರೂ ಈ ಸಲ ಹತ್ತುತ್ತೇನೆಂದ. ನಾನು ಬೆಲ್ಟು ತರಿಸಿದೆ. ಅವನು ದೂರದಿಂದಲೇ ನೋಡಿ ನಕ್ಕ.

"ಅರೆ, ನನ್ನೇನು ಗಾಡಿಗೆ ಹೂಡ್ತೀಯಾ? ಇದನ್ನ ಕಟ್ಕಂಡು ಕೊಂಬೆ ಮುರಿದ್ರೆ ನಾನೂ ಅದರ ಜೊತೇಲೇ ಬರ್ತೀನಿ. ಕಟ್ಕಳ್ದಿದ್ರೆ ಕೊಂಬೆ ಒಂದೇ ಬೀಳ್ತೈತೆ."

"ಹೋದ್ ವರ್ಷ ಒಂದೇ ಬಿತ್ತಾ?" ಎಂದುಬಿಟ್ಟೆ.

ಅವನು ಭುಜ ಮುಟ್ಟಿಕೊಂಡು ಹೊರಟುಹೋದ. ಗೆದ್ದೆ, ನಿಜ. ಅಂಥ ಗೆಲುವು ಯಾರಿಗೂ ಬೇಡ.

ಇಷ್ಟು ಬರೆದು ಪೆನ್ನಿಟ್ಟಿದ್ದೆ, ಬಾಗಿಲಲ್ಲಿ ಬಾಷಣ್ಣ. "ಕೊಡು, ನೋಡಾನ. ಇದನ್ನ ಬ್ಯಾಡ ಅಂದಿದ್ಕೆ ನಿಮ್ಮ ಜೈನಬಕ್ಕ ಮೂರು ದಿನದಿಂದ ನನ್ನ ಜೊತೆ ಮಾತು ಬುಟ್ಟವ್ಳೆ."

ಹೊಲಕ್ಕೆ ಹೋದೆವು. ಮೊದಲು ನಾನೇ ತೂಗಾಡಿ ತೋರಿಸಬೇಕಂತೆ. ನೆಲದಿಂದ ಒಂದಡಿ ಮೇಲೆ, ತಕ್ಕಡಿಗೆ ಹಾಕಿದ ಮೂಟೆಯಂತೆ ಸುತ್ತು ತಿರುಗಿದೆ. ಜೈನಬಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ಅವನು ಕಟ್ಟಿಕೊಂಡು ಹತ್ತಿದ. ದಪ್ಪ ಕವಲಿಗೆ ಹಗ್ಗ ಸುತ್ತಿ ಕೊಕ್ಕೆ ಹಾಕಿದ. ನನಗೆ ಉಸಿರು ಬಂತು. ಪಕ್ಕದ ಕೊಂಬೆಗೆ ದಾಟಬೇಕಾದಾಗ ಕೊಕ್ಕೆ ಬಿಚ್ಚಲೇಬೇಕಾಯಿತು. ಬಿಚ್ಚಿದ. ಒಂದು ಕೈ ಮರದ ಮೇಲೆ, ಇನ್ನೊಂದರಲ್ಲಿ ಜೋಲುವ ಹಗ್ಗ. ಬೀಳುವುದಾದರೆ ಈಗಲೇ, ಬೆಲ್ಟು ಉಪಯೋಗಕ್ಕೆ ಬಾರದಿರುವುದೂ ಈಗಲೇ. ನನ್ನ ವಾದವೆಲ್ಲ ಅಲ್ಲಿಗೆ ಮುಗಿಯಿತು. ದಾಟದೆ ನಿಧಾನವಾಗಿ ಇಳಿದು ಬಂದ. ಡಬ್ಬಿಗೆ ಟೇಪು ಹಚ್ಚಲು ಮನಸ್ಸಿನಲ್ಲೇ ಸಿದ್ಧಳಾದೆ.

"ಒಂದು ಹಗ್ಗ ಸಾಲಲ್ಲ," ಅಂದ. "ಒಂದು ಬಿಚ್ಚೋವಾಗ ಇನ್ನೊಂದು ಹಿಡ್ಕಂಡಿರ್ಬೇಕು. ಇನ್ನೊಂದು ತರ್ಸಮ್ಮ."

ಪರ, ವಿರೋಧ ಎರಡರಲ್ಲೂ ನಾನು ಯೋಚಿಸದಿದ್ದ ಮಾತು. ಇಷ್ಟು ವರ್ಷಗಳಲ್ಲಿ ಅವನು ನನ್ನಿಂದ ಕೇಳಿದ ಮೊದಲ ವಸ್ತುವೂ ಅದೇ. ಅಲ್ಲೇ ನಿಂತು ಆರ್ಡರ್ ಹಾಕಿದೆ.

"ಬರೋಕೆ ನಾಲ್ಕು ದಿನ ಬೇಕು. ಅಲ್ಲೀವರೆಗೂ ಹತ್ತಬಾರದು," ಎಂದು ಜಗಳಕ್ಕೆ ಸಜ್ಜಾದೆ.

ಬಾಷಣ್ಣ ಬೆಲ್ಟು ಬಿಚ್ಚದೆಯೇ ಬದುವಿನ ಮೇಲೆ, ಹೆಂಡತಿಯ ಪಕ್ಕ ಕೂತ. "ಹಣ್ಣು ಎಲ್ಲಿಗೋಯ್ತದೆ? ಕಾಯಾನ ಬುಡು."